ಅಹ್ಮದ್ ಖಾನನ ಧರ್ಮಶಾಲೆ

ಹಂಪಿಗೆ ಹೋದವರೆಲ್ಲ ಆನೆಲಾಯದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಾಲಾಗಿ ಹನ್ನೊಂದು ಕೋಣೆಗಳು, ಒಂದೊಂದಕ್ಕೂ ಎತ್ತರವಾದ ಕಮಾನಿನ ಬಾಗಿಲು, ಮೇಲೆ ಬಗೆಬಗೆಯ ಗುಮ್ಮಟಗಳು. ನಾವು ಹೋದ ದಿನ ಯಾವುದೋ ಶಾಲೆಯ ಮಕ್ಕಳ ದಂಡು ಅಲ್ಲಿತ್ತು. ಒಬ್ಬ ಹುಡುಗ ಗೈಡನ್ನು ಕೇಳಿದ, "ಇದು ಮೊದಲು ಸಾಬರ ಮಸೀದಿ ಆಗಿತ್ತಾ ಸಾರ್?" ಗೈಡ್ ನಕ್ಕು, "ಇಲ್ಲಪ್ಪ, ರಾಜರು ಆನೆ ಕಟ್ಟುತ್ತಿದ್ದ ಜಾಗ" ಎಂದ. ಮಕ್ಕಳೆಲ್ಲ ಗೊಳ್ಳೆಂದರು.

ಹುಡುಗನ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಗುಮ್ಮಟ ಕಂಡರೆ ಮಸೀದಿ, ಕಲ್ಲುಕಂಬದ ಮಂಟಪ ಕಂಡರೆ ದೇವಸ್ಥಾನ ಎಂದು ನಮಗೆಲ್ಲ ಚಿಕ್ಕಂದಿನಿಂದ ರೂಢಿಯಾಗಿದೆ. ಪಾಠಪುಸ್ತಕದ ಚಿತ್ರಗಳು, ಸಿನಿಮಾಗಳು, ಗೋಡೆಗೆ ತೂಗುಹಾಕುವ ಕ್ಯಾಲೆಂಡರ್‌ಗಳು ಎಲ್ಲವೂ ಕಲಿಸಿಕೊಟ್ಟದ್ದು ಅದನ್ನೇ. ಹುಡುಗನನ್ನೇಕೆ ದೂರಬೇಕು? ಹಂಪಿಯ ಅವಶೇಷಗಳಿಗೆ ಮೊದಲು ಹೆಸರಿಟ್ಟ ವಿದ್ವಾಂಸರೇ ಈ ರೂಢಿಗೆ ಸಿಕ್ಕಿಬಿದ್ದವರು. ದಣ್ಣಾಯಕನ ಆವರಣ ಎಂದು ಕರೆಯುವ ಜಾಗದಲ್ಲಿ ಕಮಾನುಗಳಿರುವ ಒಂದು ಕಟ್ಟಡಕ್ಕೆ ಅವರು 'ಮಸೀದಿ' ಎಂದು ಹೆಸರಿಟ್ಟರು. ಆ ಕಟ್ಟಡದ ಮುಖ ಇರುವುದು ಉತ್ತರಕ್ಕೆ. ಅದರೊಳಗೆ ಹಿಂಗೋಡೆಗೆ ಎದುರಾಗಿ ನಮಾಝಿಗೆ ನಿಂತರೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಬೇಕಾಗುತ್ತದೆ! ಅದು ಮಸೀದಿಯಲ್ಲ, ಆಸ್ಥಾನಕ್ಕೆ ಸಂಬಂಧಿಸಿದ ಕಟ್ಟಡ ಎಂದು ಈಗಿನ ವಿದ್ವಾಂಸರು ಹೇಳುತ್ತಾರೆ.

ಹಾಗಾದರೆ ವಿಜಯನಗರದಲ್ಲಿ ನಿಜವಾದ ಮಸೀದಿ ಇರಲಿಲ್ಲವೇ? ಇತ್ತು, ಈಗಲೂ ಇದೆ. ಆದರೆ ಅದಕ್ಕೆ ಗುಮ್ಮಟವೂ ಇಲ್ಲ, ಮಿನಾರವೂ ಇಲ್ಲ, ಒಂದು ಕಮಾನೂ ಇಲ್ಲ. ಆದ್ದರಿಂದಲೇ ಅದರ ಪಕ್ಕದಲ್ಲಿ ಹಾದುಹೋಗುವ ನೂರು ಜನರಲ್ಲಿ ತೊಂಬತ್ತು ಮಂದಿ ಅದನ್ನು ಯಾವುದೋ ಹಾಳು ಮಂಟಪ ಎಂದುಕೊಂಡು ಮುಂದೆ ಹೋಗುತ್ತಾರೆ.

ಕಮಲಾಪುರದಿಂದ ತಳವಾರಘಟ್ಟದ ಕಡೆಗೆ, ಅಂದರೆ ಹೊಳೆ ದಾಟಿ ಆನೆಗೊಂದಿಗೆ ಹೋಗುವ ದಿಕ್ಕಿಗೆ, ಒಂದು ರಸ್ತೆಯಿದೆ. ವಿಠ್ಠಲ ದೇವಸ್ಥಾನಕ್ಕೆ ಹೋಗುವವರೂ ಅದನ್ನೇ ಹಿಡಿಯುತ್ತಾರೆ. ಆ ಕಡೆ ರಾಜಾವರಣದ ಈಶಾನ್ಯಕ್ಕೆ ಒಂದು ಕಾಲದಲ್ಲಿ ಮುಸ್ಲಿಮರ ಕೇರಿಯಿತ್ತು. ಅಲ್ಲಿ ಅಲ್ಲಲ್ಲಿ ಗೋರಿಗಳಿವೆ. ಅವುಗಳ ನಡುವೆ ಗುಮ್ಮಟವಿರುವ ಒಂದು ಚೌಕ ಗೋರಿ ಕಟ್ಟಡ ದೂರದಿಂದಲೇ ಕಾಣುತ್ತದೆ. ಅದರ ಹತ್ತಿರವೇ ನಾವು ಹುಡುಕಿಕೊಂಡು ಹೋದ ಕಟ್ಟಡ ಇದೆ. ಕಲ್ಲುಕಂಬಗಳ ಸಾಲುಗಳು, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಹಾಸಿದ ಸಮತಟ್ಟಾದ ಮಾಡು. ಮುಂಭಾಗ ಪೂರ್ವಕ್ಕೆ ತೆರೆದಿದೆ. ಹಂಪಿಯ ಬಯಲಿನಲ್ಲಿ ಇಂಥ ಮಂಟಪಗಳಿಗೆ ಲೆಕ್ಕವಿಲ್ಲ. ಒಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ಹೋದ ಮೇಲೆಯೇ ವ್ಯತ್ಯಾಸ ಗೊತ್ತಾಗುವುದು. ಹಿಂಬದಿಯ, ಅಂದರೆ ಪಶ್ಚಿಮದ ಗೋಡೆಯ ನಡುವೆ ಒಂದು ಗೂಡು ಇದೆ. ಅದರಲ್ಲಿ ವಿಗ್ರಹವಿಲ್ಲ, ವಿಗ್ರಹ ಕೂರಿಸುವ ಪೀಠವೂ ಇಲ್ಲ. ಗರ್ಭಗುಡಿಯಿಲ್ಲ. ಕಂಬಗಳಲ್ಲಿ ದೇವತೆಗಳ ಕೆತ್ತನೆಯಿಲ್ಲ. ಆ ಗೂಡೇ ಮಿಹ್ರಾಬ್. ಕಟ್ಟಡ ಮುಖ ಮಾಡಿರುವುದು ಕಿಬ್ಲಾದ ಕಡೆಗೆ.

ಇದನ್ನು ಕಟ್ಟಿಸಿದವನ ಹೆಸರು ಅಹ್ಮದ್ ಖಾನ್. ಊಹೆಯಿಂದ ಹೇಳುವ ಮಾತಲ್ಲ, ಶಾಸನವಿದೆ. ಆ ಶಾಸನ ಪಾರ್ಸಿಯಲ್ಲಿಯೂ ಇಲ್ಲ, ಅರಬಿಯಲ್ಲಿಯೂ ಇಲ್ಲ, ಕನ್ನಡದಲ್ಲಿದೆ. ಕಾಲ ಶಕವರ್ಷ 1361, ಅಂದರೆ ಕ್ರಿ.ಶ. 1439. ಆಗ ವಿಜಯನಗರವನ್ನು ಆಳುತ್ತಿದ್ದವನು ಇಮ್ಮಡಿ ದೇವರಾಯ. ಅಹ್ಮದ್ ಖಾನ್ ಆ ರಾಯನ ಸೇವೆಯಲ್ಲಿದ್ದವನು. ಕನ್ನಡದ ಕಲ್ಲುಕುಟಿಗ ಅವನ ಹೆಸರನ್ನು ತನ್ನ ನಾಲಗೆಗೆ ಒಗ್ಗುವ ಹಾಗೆ 'ಅಹಮುದಖಾನ' ಮಾಡಿಕೊಂಡಿದ್ದಾನೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹುಸೇನ್ 'ಉಸೇನಿ' ಆಗುವಂತೆ, ಇಮಾಮ್ 'ಇಮಾಮಿ' ಆಗುವಂತೆ. ದೇವರಾಯ ಮಹಾರಾಯರಿಗೆ ಪುಣ್ಯ ಸಲ್ಲಲೆಂದು ಅಹ್ಮದ್ ಖಾನ್ ಈ ಕಟ್ಟಡವನ್ನು ಕಟ್ಟಿಸಿದನೆಂಬುದು ಶಾಸನದ ತಾತ್ಪರ್ಯ. ಆದರೆ ಕಟ್ಟಡವನ್ನು ಅದು ಮಸೀದಿ ಎಂದು ಕರೆಯುವುದಿಲ್ಲ. ಅದು ಬಳಸುವ ಮಾತು ಧರ್ಮಶಾಲೆ.

ಈ ಒಂದು ಮಾತಿನ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಜೊತೆ ಬಂದಿದ್ದ ಗೆಳೆಯರೊಬ್ಬರಿಗೆ ಇದು ಸರಿಬರಲಿಲ್ಲ. "ಅಲ್ಲಾಹನ ಭವನವನ್ನು ಕಟ್ಟಿಸಿ ಅದನ್ನು ಮಸೀದಿ ಎನ್ನಲು ಹೆದರಿಕೊಂಡನೇ? ಅದೂ ಅಲ್ಲದೆ ಪುಣ್ಯ ರಾಯನಿಗೆ ಹೋಗಲಿ ಎನ್ನುವುದೆಂದರೆ ಏನರ್ಥ?" ಎಂದರು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಮೊದಲನೆಯದಕ್ಕೆ ಉತ್ತರ ಆ ಪರಿಸರದಲ್ಲಿಯೇ ಇದೆ. ಹೆದರಿದವನು ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬ್ ತೆರೆಸುತ್ತಿರಲಿಲ್ಲ. ಎಲ್ಲರಿಗೂ ಕಾಣುವಂತೆ ಗುಮ್ಮಟದ ಗೋರಿ ಎಬ್ಬಿಸಲು ಅವನ ಜನ ಹಿಂಜರಿಯಲಿಲ್ಲ. ಕಟ್ಟಡದ ಕಿಬ್ಲಾ, ಸುತ್ತಲಿನ ಗೋರಿಗಳು, ಕೇರಿ ಯಾವುದನ್ನೂ ಅಡಗಿಸಿಡಲು ಸಾಧ್ಯವಿರಲಿಲ್ಲ. ಧರ್ಮಶಾಲೆ ಎಂದಿದ್ದು ಮುಚ್ಚಿಡುವುದಕ್ಕಲ್ಲ, ತಿಳಿಸುವುದಕ್ಕೆ. ಆ ಊರಿನ ಬಹುಪಾಲು ಜನರಿಗೆ ಮಸೀದಿ ಎಂದರೇನೆಂದು ತಿಳಿಯದಿದ್ದೀತು. ಧರ್ಮಶಾಲೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಧರ್ಮಕ್ಕೆಂದು ಕಟ್ಟಿಸಿದ ಶಾಲೆ, ಅಂದರೆ ಮನೆ. ದಣಿದು ಬಂದ ಪರದೇಶಿ ತಲೆ ಚಾಚಬಹುದಾದ ಜಾಗ. ಮಸೀದಿಯ ಜಗಲಿ ಮುಸಾಫಿರನಿಗೆ ಆಸರೆಯಾಗುವುದು ಇಸ್ಲಾಮಿನ ನಡೆಯಲ್ಲಿ ಹೊಸತೇನೂ ಅಲ್ಲ. ಪ್ರವಾದಿವರ್ಯರ(ಸ) ಮಸೀದಿಯಲ್ಲೇ ಮನೆಮಾರಿಲ್ಲದ ಸಹಾಬಿಗಳು 'ಸುಫ್ಫಾ' ಎಂಬ ಮಾಡಿನ ಕೆಳಗೆ ಇರುತ್ತಿದ್ದರು. ಅಹ್ಮದ್ ಖಾನ್ ತನ್ನ ವಿಶ್ವಾಸದ ಒಂದು ಪದವನ್ನು ನೆರೆಯವನ ಭಾಷೆಗೆ ಅನುವಾದಿಸಿದ್ದಾನೆ. ಇಂದು ನಮ್ಮ ಅನುವಾದಕರು ಸಲಾತ್, ತಕ್ವಾ, ಝಕಾತ್‌ಗಳಿಗೆ ಕನ್ನಡ ಪದ ಹುಡುಕಿ ತಲೆ ಚಚ್ಚಿಕೊಳ್ಳುವಾಗ ಈ ಕಲ್ಲನ್ನು ಒಮ್ಮೆ ನೆನಪಿಸಿಕೊಳ್ಳಬಹುದು.

ಎರಡನೆಯ ಪ್ರಶ್ನೆಗೆ ಉತ್ತರ ಆ ಕಾಲದ ಶಾಸನಗಳ ನುಡಿಗಟ್ಟಿನಲ್ಲಿದೆ. ವಿಜಯನಗರದ ಅಧಿಕಾರಿಗಳು ಕೆರೆ ಕಟ್ಟಿಸಿದರೂ, ಅಗ್ರಹಾರ ಬಿಟ್ಟರೂ, ಗುಡಿಗೆ ದತ್ತಿ ಕೊಟ್ಟರೂ ಅದರ ಪುಣ್ಯ ತಮ್ಮ ಒಡೆಯನಿಗೆ ಸಲ್ಲಲಿ ಎಂದು ಬರೆಸುವುದು ವಾಡಿಕೆ. ಅದು ನಿಷ್ಠೆಯನ್ನು ಹೇಳುವ ರೀತಿ. ಇಂದಿನ ಅಡಿಗಲ್ಲುಗಳ ಮೇಲೆ ಮಂತ್ರಿಗಳ ಹೆಸರು ಕೆತ್ತಿಸುತ್ತೇವಲ್ಲ, ಅದಕ್ಕಿಂತ ಹೆಚ್ಚು ವಿನಯದ ರೀತಿ ಎಂದೇ ಹೇಳಬೇಕು. ಅಹ್ಮದ್ ಖಾನ್ ತನ್ನ ಜೊತೆಯ ಬ್ರಾಹ್ಮಣ, ಜೈನ, ವೀರಶೈವ ಅಧಿಕಾರಿಗಳು ಏನು ಬರೆಸುತ್ತಿದ್ದರೋ ಅದನ್ನೇ ಬರೆಸಿದ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಗಾಣಗಿತ್ತಿ ಬಸದಿ ಇದೆ. ಅದನ್ನು 1385ರಲ್ಲಿ ಕಟ್ಟಿಸಿದವನು ಇಮ್ಮಡಿ ಹರಿಹರನ ದಂಡನಾಯಕನಾಗಿದ್ದ ಜೈನ ಇರುಗಪ್ಪ. ರಾಜನ ದೇವರು ವಿರೂಪಾಕ್ಷ, ದಂಡನಾಯಕನ ದೇವರು ಕುಂಥು ಜಿನನಾಥ. ಅದೇ ಸಾಲಿನಲ್ಲಿ ನಿಲ್ಲುತ್ತದೆ ಅಹ್ಮದ್ ಖಾನನ ಧರ್ಮಶಾಲೆ.

ಇನ್ನು ಇಮ್ಮಡಿ ದೇವರಾಯನ ವಿಚಾರ. 1424ರಿಂದ 1446ರವರೆಗೆ ಆಳಿದ ಈತ ಸಂಗಮ ವಂಶದ ಅರಸರಲ್ಲಿ ದೊಡ್ಡವನು. ಗಜಬೇಟೆಕಾರ ಎಂಬ ಬಿರುದು ಅವನದು. ಶಿವತತ್ತ್ವಚಿಂತಾಮಣಿ ಬರೆದ ಲಕ್ಕಣ್ಣ ದಂಡೇಶ ಅವನ ದಂಡನಾಯಕ. ಪ್ರಭುಲಿಂಗಲೀಲೆಯ ಚಾಮರಸ ಅವನ ಕಾಲದ ಕವಿ. ಉತ್ತರದ ಬಹಮನಿ ಸುಲ್ತಾನರ ಜೊತೆ ಅವನಿಗೆ ಸದಾ ಯುದ್ಧ. ಈ ಯುದ್ಧಗಳ ಬಗ್ಗೆ ಫರಿಷ್ತಾ ಬರೆದಿರುವ ಒಂದು ಪ್ರಸಂಗ ಬಹಳ ಪ್ರಸಿದ್ಧ. ಬಹಮನಿ ಸೈನ್ಯ ಪದೇ ಪದೇ ಏಕೆ ಗೆಲ್ಲುತ್ತದೆ ಎಂದು ದೇವರಾಯ ತನ್ನ ಸಭೆಯನ್ನು ಕೇಳಿದನಂತೆ. ಅವರ ಕುದುರೆಗಳು ಉತ್ತಮ, ಅವರಲ್ಲಿ ಕುದುರೆಯ ಮೇಲಿನಿಂದಲೇ ಬಾಣ ಬಿಡಬಲ್ಲ ನುರಿತ ಬಿಲ್ಲುಗಾರರಿದ್ದಾರೆ ಎಂಬ ಉತ್ತರ ಬಂತು. ಆಗ ರಾಯ ಮುಸ್ಲಿಮರನ್ನು ಸೈನ್ಯಕ್ಕೆ ಸೇರಿಸಿಕೊಂಡ, ಅವರಿಗೆ ಜಹಗೀರು ಕೊಟ್ಟ, ರಾಜಧಾನಿಯಲ್ಲಿ ಮಸೀದಿ ಕಟ್ಟಿಸಿದ. ಅವರು ತನಗೆ ತಲೆಬಾಗುವಾಗ ಮನಸ್ಸಿಗೆ ಅಳುಕಾಗದಿರಲೆಂದು ಸಿಂಹಾಸನದ ಮುಂದೆ ಪವಿತ್ರ ಕುರ್‌ಆನ್ ಇರಿಸಿದ.

ಸೌಹಾರ್ದ ಸಭೆಗಳಲ್ಲಿ ಈ ಕಥೆಯನ್ನು ನಾವೆಲ್ಲ ಕೇಳಿದ್ದೇವೆ, ಹೇಳಿಯೂ ಇದ್ದೇವೆ. ಆದರೆ ಇತಿಹಾಸದ ಜೊತೆ ವ್ಯವಹರಿಸುವಾಗ ಇಷ್ಟವಾದ ಕಥೆಯನ್ನೇ ಹೆಚ್ಚು ಪರೀಕ್ಷಿಸಬೇಕು. ಫರಿಷ್ತಾ ಬರೆದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ, ಬಿಜಾಪುರದ ಇಮ್ಮಡಿ ಇಬ್ರಾಹೀಮ್ ಆದಿಲ್ ಶಾಹನ ಆಶ್ರಯದಲ್ಲಿ. ದೇವರಾಯ ತೀರಿಕೊಂಡು ಆಗಲೇ ಒಂದೂವರೆ ಶತಮಾನ ದಾಟಿತ್ತು. ಕುರ್‌ಆನ್ ಇರಿಸಿದ್ದನ್ನು ಕಣ್ಣಾರೆ ಕಂಡವರ ಬರಹ ಅದಲ್ಲ. ಹಾಗೆಂದು ಎಲ್ಲವೂ ಕಟ್ಟುಕಥೆಯೂ ಅಲ್ಲ. ದೇವರಾಯನ ಬಳಿ ಹತ್ತು ಸಾವಿರ ತುರುಷ್ಕ ಕುದುರೆ ಸವಾರರಿದ್ದರೆಂದು 1430ರ ಒಂದು ಶಾಸನವೇ ಹೇಳುತ್ತದೆ. ಶಾಸನದ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಸವಾರರು ಇದ್ದದ್ದು ಖಂಡಿತ. ಮಸೀದಿಯ ವಿಚಾರದಲ್ಲಂತೂ ಕಲ್ಲೇ ಸಾಕ್ಷಿ. ಫರಿಷ್ತಾ ಹೇಳುವ ಮಸೀದಿಯನ್ನು ರಾಯನೇ ಕಟ್ಟಿಸಿದ್ದು. ನಮ್ಮ ಕಣ್ಣೆದುರಿಗಿರುವ ಮಸೀದಿಯನ್ನು ರಾಯನಿಗಾಗಿ ಅವನ ಸೇವಕ ಕಟ್ಟಿಸಿದ್ದು. ಈ ವ್ಯತ್ಯಾಸ ಸಣ್ಣದಲ್ಲ. ಮೊದಲನೆಯ ಕಥೆಯಲ್ಲಿ ಮುಸ್ಲಿಮರು ಅರಸನ ಔದಾರ್ಯವನ್ನು ಪಡೆಯುವವರು ಮಾತ್ರ. ಶಾಸನದಲ್ಲಿ ಅವರು ಕೊಡುವವರು. ಅರಸನಿಗೆ ಪುಣ್ಯ ಕೊಡಬಲ್ಲವರು!

ಇದರಲ್ಲಿ ರಾಜಕಾರಣ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ದೇವರಾಯನಿಗೆ ಬೇಕಾಗಿದ್ದದ್ದು ಕುದುರೆ ಮತ್ತು ಬಿಲ್ಲು. ಒಳ್ಳೆಯ ಕುದುರೆಗಳು ಹಡಗಿನಲ್ಲಿ ಹೊರ್ಮುಝಿನಿಂದ, ಅರಬ್ ನಾಡಿನಿಂದ ಬರುತ್ತಿದ್ದವು. ಅವುಗಳನ್ನು ತರುತ್ತಿದ್ದವರು, ಮಾರುತ್ತಿದ್ದವರು, ಪಳಗಿಸುತ್ತಿದ್ದವರು ಬಹುತೇಕ ಮುಸ್ಲಿಮರು. ಮಹಾನವಮಿ ದಿಬ್ಬದ ಮೇಲೆ, ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಗಡ್ಡ ಬಿಟ್ಟ, ಕೊನೆ ಚೂಪಾದ ಟೋಪಿ ಧರಿಸಿದ ಜನ ಕುದುರೆ ಹಿಡಿದು ನಡೆಯುವುದನ್ನು ಈಗಲೂ ನೋಡಬಹುದು. ರಾಮನ ಗುಡಿಯ ಗೋಡೆಯ ಮೇಲೆ ಅವರಿದ್ದಾರೆ, ಶತ್ರುಗಳಾಗಿ ಅಲ್ಲ, ರಾಜಮೆರವಣಿಗೆಯ ಭಾಗವಾಗಿ.

ಧರ್ಮಶಾಲೆ ಕಟ್ಟಿ ನಾಲ್ಕು ವರ್ಷವಾದಾಗ, 1443ರ ಏಪ್ರಿಲ್ ಕೊನೆಯಲ್ಲಿ, ಅಬ್ದುರ್ರಝಾಕ್ ವಿಜಯನಗರಕ್ಕೆ ಬಂದ. ಹೆರಾತಿನ ದೊರೆ, ತೈಮೂರನ ಮಗ ಶಾಹ್‌ರುಖ್‌ನ ರಾಯಭಾರಿ ಆತ. ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ರಾಜಧಾನಿ ಸೇರಿದವನು. ಏಳು ಸುತ್ತಿನ ಕೋಟೆ, ಅಂಗಡಿ ಬೀದಿಗಳು, ಮಹಾನವಮಿಯ ಉತ್ಸವ ಎಲ್ಲವನ್ನೂ ಬೆರಗಿನಿಂದ ವರ್ಣಿಸಿದ್ದಾನೆ. ಈತ ನಿಜವಾದ ರಾಯಭಾರಿಯೇ ಅಲ್ಲ ಎಂದು ಚಾಡಿ ಹಬ್ಬಿಸಿದವರು ಹೊರ್ಮುಝಿನ ವ್ಯಾಪಾರಿಗಳು. ಧರ್ಮ ಒಂದೇ ಆದ ಮಾತ್ರಕ್ಕೆ ಹಿತವೂ ಒಂದೇ ಆಗಿರುವುದಿಲ್ಲ ಎಂಬುದು ಆಗಲೂ ಹೀಗೆಯೇ ಇತ್ತು.

ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಒಂದು ಬೀದಿಯ ತುದಿಯಲ್ಲಿ, ನಗರದ ಅಂಚಿನಲ್ಲಿ, ಮೂರರ ಕೇರಿ ಇರುವುದನ್ನು ನೋಡಿದ. ಪೋರ್ಚುಗೀಸರ ಬಾಯಲ್ಲಿ ಮೂರರು ಎಂದರೆ ಮುಸ್ಲಿಮರು. ಅವರಲ್ಲಿ ಅನೇಕರು ಈ ನಾಡಿನವರೇ, ರಾಯನಿಂದ ಸಂಬಳ ಪಡೆದು ಅವನ ಕಾವಲು ಪಡೆಯಲ್ಲಿರುವವರು ಎಂದು ಆತ ಬರೆಯುತ್ತಾನೆ. 'ಈ ನಾಡಿನವರೇ' ಎಂಬ ಮಾತನ್ನು ಗಮನಿಸಬೇಕು. ಪಾಯಸ್ ಮುಸ್ಲಿಮರ ಮೇಲೆ ಅಭಿಮಾನವಿದ್ದವನಲ್ಲ. ಅವನ ಜನ ಗೋವೆಯನ್ನು ಆದಿಲ್ ಶಾಹನಿಂದ ಕಿತ್ತುಕೊಂಡು ಕೆಲವೇ ವರ್ಷಗಳಾಗಿದ್ದವು. ಅಂಥವನ ಕಣ್ಣಿಗೂ ಕಂಡದ್ದನ್ನು ಇಂದು ಕೆಲವರಿಗೆ ಕಾಣಿಸಿಕೊಡುವುದು ಕಷ್ಟವಾಗಿದೆ.

ಮತ್ತೆ ಕಟ್ಟಡಕ್ಕೆ ಬರೋಣ. ಅಹ್ಮದ್ ಖಾನ್ ಕಮಾನನ್ನು ಏಕೆ ಬಳಸಲಿಲ್ಲ? ವಿಜಯನಗರದ ಕುಶಲಕರ್ಮಿಗಳಿಗೆ ಕಮಾನು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಪಕ್ಕದಲ್ಲೇ ಗುಮ್ಮಟದ ಗೋರಿ ಇದೆ. ಅದು ಅಹ್ಮದ್ ಖಾನನದೇ ಎಂದು ವಾಡಿಕೆಯಲ್ಲಿ ಹೇಳುತ್ತಾರೆ. ಗೋಡೆಗಳಲ್ಲಿ ಕಮಾನಿನ ಗೂಡುಗಳು, ಮೇಲೆ ಗುಮ್ಮಟ. ಗುಲ್ಬರ್ಗದ ಬಹಮನಿ ಗೋರಿಗಳ ಚಿಕ್ಕ ತಮ್ಮನಂತಿದೆ. ಹಂಪಿಯ ಪಶ್ಚಿಮಕ್ಕೆ ಕಡಿರಾಂಪುರದಲ್ಲಿಯೂ ಇಂಥ ಎರಡು ಗೋರಿಗಳಿವೆ. ಇನ್ನು ಅರಸರ ಆವರಣದ ಒಳಗೆ ಹೋದರೆ ಆನೆಲಾಯ, ಕಮಲಮಹಲ್, ಕಾವಲು ಗೋಪುರಗಳು, ಸ್ನಾನಗೃಹ ಎಲ್ಲೆಲ್ಲೂ ಗಾರೆಯ ಕಮಾನು, ಗುಮ್ಮಟ, ಕಮಾನು ಛಾವಣಿ. ಹಿಂದೂ ಅರಸರ ಅರಮನೆಯ ಕಟ್ಟಡಗಳಲ್ಲಿ ಕಮಾನು. ಮುಸ್ಲಿಮನ ಮಸೀದಿಯಲ್ಲಿ ಕಂಬ ಮತ್ತು ತೊಲೆ! ನಮ್ಮ ರೂಢಿಯ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ.

1980ರಿಂದ ವರ್ಷಗಟ್ಟಲೆ ಹಂಪಿಯಲ್ಲಿ ಅಳತೆ ಮಾಡಿ ನಕ್ಷೆ ಬರೆದ ಜಾರ್ಜ್ ಮಿಚೆಲ್ ಮತ್ತು ಜಾನ್ ಫ್ರಿಟ್ಜ್, ಅವರ ಜೊತೆ ದುಡಿದ ಇತಿಹಾಸಕಾರ ಫಿಲಿಪ್ ವ್ಯಾಗನರ್ ಮುಂತಾದವರ ಬರಹಗಳನ್ನು ಓದಿದರೆ ಇದಕ್ಕೊಂದು ಕ್ರಮ ಇರುವುದು ತಿಳಿಯುತ್ತದೆ. ಆ ನಗರದಲ್ಲಿ ಕಟ್ಟಡದ ಶೈಲಿ ಮತದ ಗುರುತಾಗಿರಲಿಲ್ಲ, ಕೆಲಸದ ಗುರುತಾಗಿತ್ತು. ದರ್ಬಾರು, ಆನೆ, ಕಾವಲು, ಸ್ನಾನ, ಒಟ್ಟಿನಲ್ಲಿ ರಾಜವೈಭವಕ್ಕೆ ಸೇರಿದ್ದಕ್ಕೆ ಕಮಾನು ಗುಮ್ಮಟದ ಶೈಲಿ. ಅದು ಆಗ ಪರ್ಷಿಯಾದಿಂದ ದಖ್ಖನಿನವರೆಗೆ ದೊಡ್ಡಸ್ತಿಕೆಯ ಶೈಲಿಯಾಗಿತ್ತು. ದೇವರಿಗೆ, ಧರ್ಮಕ್ಕೆ ಸೇರಿದ್ದಕ್ಕೆ ಕಲ್ಲುಕಂಬದ ಶೈಲಿ. ಅಹ್ಮದ್ ಖಾನ್ ಪ್ರಾರ್ಥನೆಯ ಮನೆಯನ್ನು ಕಟ್ಟುವಾಗ ಆ ಊರಿನಲ್ಲಿ ಪ್ರಾರ್ಥನೆಯ ಮನೆ ಹೇಗಿರುತ್ತದೋ ಹಾಗೆಯೇ ಕಟ್ಟಿಸಿದ. ಅವನು ಆ ನಗರದ ನುಡಿಯನ್ನು ಬಲ್ಲವನಾಗಿದ್ದ, ಕಲ್ಲಿನಲ್ಲಿಯೂ ಅಕ್ಷರದಲ್ಲಿಯೂ.

ಅರಸರೂ ಆ ಕಡೆಯಿಂದ ಕಲಿಯದೇ ಇರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಬುಕ್ಕರಾಯ 'ಹಿಂದೂರಾಯ ಸುರತ್ರಾಣ' ಎಂಬ ಬಿರುದು ಧರಿಸಿದ್ದ. ಸುರತ್ರಾಣ ಎಂದರೆ ಬೇರೇನಲ್ಲ, ಸುಲ್ತಾನ ಎಂಬುದರ ಸಂಸ್ಕೃತ ವೇಷ. ಆಸ್ಥಾನದಲ್ಲಿ ಅರಸರು ತೊಡುತ್ತಿದ್ದ ಉದ್ದ ನಿಲುವಂಗಿಯ ಹೆಸರು ಕಬಾಯಿ, ತಲೆಯ ಮೇಲಿನ ಎತ್ತರದ ಟೋಪಿ ಕುಲಾವಿ. ಒಂದು ಅರಬಿಯ ಕಬಾ, ಇನ್ನೊಂದು ಪಾರ್ಸಿಯ ಕುಲಾಹ್. ನಮ್ಮ ಅಜ್ಜಿಯರು ಹಸುಗೂಸಿಗೆ ಹೊಲಿದು ಹಾಕುತ್ತಿದ್ದ ಕುಲಾವಿ ಎಲ್ಲಿಂದ ಬಂತೆಂದು ಯಾವ ತಾಯಿ ತಾನೇ ಕೇಳಿದ್ದಾಳೆ?

ಮಸೀದಿಗೆ ಗುಮ್ಮಟ ಬೇಕೇ ಬೇಕು ಎಂದು ಹೇಳುವ ನಮ್ಮವರಿಗೂ ಎರಡು ಮಾತು ಹೇಳಬೇಕಾಗಿದೆ. ಮದೀನಾದಲ್ಲಿ ಪ್ರವಾದಿವರ್ಯರು(ಸ) ಸ್ವತಃ ಇಟ್ಟಿಗೆ ಹೊತ್ತು ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ದಿಮ್ಮಿಗಳೇ ಕಂಬ, ಖರ್ಜೂರದ ಗರಿಯೇ ಮಾಡು. ಗುಮ್ಮಟವಿರಲಿಲ್ಲ, ಮಿನಾರವಿರಲಿಲ್ಲ. ಬಿಲಾಲ್(ರ) ಹತ್ತಿರದ ಒಂದು ಮನೆಯ ಮೇಲೆ ನಿಂತು ಅಝಾನ್ ಕೊಡುತ್ತಿದ್ದರು. ಗೂಡಿನ ಆಕಾರದ ಮಿಹ್ರಾಬ್ ಕೂಡ ಎಂಟನೆಯ ಶತಮಾನದ ಆರಂಭದಲ್ಲಿ, ಖಲೀಫ ವಲೀದ್‌ರ ಕಾಲದಲ್ಲಿ ಉಮರ್ ಬಿನ್ ಅಬ್ದುಲ್ ಅಝೀಝ್ ಮದೀನಾದ ಮಸೀದಿಯನ್ನು ಪುನಃ ಕಟ್ಟಿಸಿದಾಗ ಬಂದದ್ದು. ಗುಮ್ಮಟವನ್ನು ಮುಸ್ಲಿಮರು ಕಲಿತದ್ದು ರೋಮನ್ನರ, ಪರ್ಷಿಯನ್ನರ ಕಟ್ಟಡಗಳಿಂದ. ಕಲಿತದ್ದು ತಪ್ಪಲ್ಲ, ಅದರಿಂದ ಅದ್ಭುತಗಳನ್ನು ಕಟ್ಟಿದ್ದಾರೆ. ಆದರೆ ಅದು ಧರ್ಮದ ಶರ್ತವಲ್ಲ. ಆ ದೃಷ್ಟಿಯಿಂದ ನೋಡಿದರೆ ಕಂಬಗಳ ಸಾಲಿನ ಮೇಲೆ ಸಮತಟ್ಟಾದ ಮಾಡು ಹೊದಿಸಿದ ಅಹ್ಮದ್ ಖಾನನ ಮಸೀದಿ ಬಿಜಾಪುರದ ಭವ್ಯ ಜಾಮಿಯಾ ಮಸೀದಿಗಿಂತ ಮದೀನಾದ ಮೊದಲ ಮಸೀದಿಗೆ ಹತ್ತಿರದ್ದು ಎಂದು ನಮಗೆ ಅನಿಸುತ್ತದೆ.

ಇಂಥ ಮಸೀದಿಗಳು ನಮ್ಮ ನಾಡಿನಲ್ಲಿ ಬೇರೆಯೂ ಇವೆ, ಆದರೆ ಎಲ್ಲದರ ಕಥೆ ಒಂದೇ ಅಲ್ಲ. ಬಿಜಾಪುರದ ಕರೀಮುದ್ದೀನ್ ಮಸೀದಿ 1320ರದ್ದು. ಅದರಲ್ಲಿರುವುದೂ ಗುಡಿಯ ಕಂಬಗಳೇ. ಆದರೆ ಅವು ಹಳೆಯ ಕಟ್ಟಡಗಳಿಂದ ಕಿತ್ತು ತಂದು ಜೋಡಿಸಿದವು. ಅದು ಗೆದ್ದವರ ಮಸೀದಿ. ಹಂಪಿಯದು ಹಾಗಲ್ಲ. ಇಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪ್ರಾಮಾಣಿಕತೆ ಆಗುವುದಿಲ್ಲ. ಕರಾವಳಿಯ ಮಸೀದಿಗಳದ್ದು ಮೂರನೆಯ ಬಗೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಅದು ತುಳುನಾಡಿನ ಬಡಗಿಗಳ ಕೈಕೆಲಸ ಎಂದು ಬೇರೆ ಹೇಳಬೇಕಾಗಿಲ್ಲ. ಮಳೆ ಸುರಿಯುವ ನಾಡಿನಲ್ಲಿ ಇಳಿಜಾರಿನ ಮಾಡೇ ಸರಿ ಎಂದು ಹಿರಿಯರು ಅರಿತಿದ್ದರು.

1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿಯ ಯುದ್ಧವಾಯಿತು. ರಾಮರಾಯ ಸತ್ತ, ರಾಜಧಾನಿ ಬರಿದಾಯಿತು. ಸುಲ್ತಾನರ ಸೈನ್ಯಗಳು ಲೂಟಿ ಮಾಡಿದ್ದು, ಸುಟ್ಟದ್ದು, ಒಡೆದದ್ದು ನಿಜ; ಅದನ್ನು ಮರೆಮಾಚಲು ನಮಗೆ ಯಾವ ಕಾರಣವೂ ಇಲ್ಲ. ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಮ್ ಸೇನಾನಿಗಳು ಯುದ್ಧದ ನಡುವೆ ಪಕ್ಷ ಬದಲಿಸಿದರೆಂದು 1567ರಲ್ಲಿ ಇಲ್ಲಿಗೆ ಬಂದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದ. ಈ ಮಾತು ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತದೆ, ಇಡೀ ಸಮುದಾಯದ ಸ್ವಭಾವವೇ ಅದು ಎಂಬಂತೆ. ಆದರೆ ಅದೇ ರಾಮರಾಯನ ಅಧಿಕಾರದ ಕಾಲದಲ್ಲಿ, 1551ರಲ್ಲಿ, ಐನುಲ್ ಮುಲ್ಕ್ ಎಂಬ ಮುಸ್ಲಿಮ್ ಅಧಿಕಾರಿಯ ಕೋರಿಕೆಯ ಮೇರೆಗೆ ಸದಾಶಿವರಾಯ ಬೇವಿನಹಳ್ಳಿಯನ್ನು ಬ್ರಾಹ್ಮಣರಿಗೆ ದಾನ ಕೊಟ್ಟ ತಾಮ್ರಶಾಸನವೂ ಇದೆ. ಅದನ್ನು ಯಾವ ಭಾಷಣದಲ್ಲಿಯೂ ನಾವು ಕೇಳಿಲ್ಲ. ದ್ರೋಹದ ಮಾತು ಎರಡು ವರ್ಷದ ನಂತರ ಬಂದ ಪರದೇಶಿಯೊಬ್ಬನದು. ಧರ್ಮಶಾಲೆಯ ಶಾಸನ ಅದೇ ಊರಿನ ಕಲ್ಲಿನಲ್ಲಿ ಆ ಯುದ್ಧಕ್ಕಿಂತ 126 ವರ್ಷ ಮೊದಲೇ ಕೆತ್ತಿದ್ದು.

ನಗರ ಹಾಳಾದಾಗ ಮಸೀದಿಯೂ ಹಾಳುಬಿತ್ತು. ಕೇರಿಯ ಜನ ಚದುರಿದರು. ನಾಲ್ಕೂವರೆ ಶತಮಾನ ಮಳೆ ಬಿಸಿಲು ತಿಂದರೂ ಕಂಬಗಳು ನಿಂತಿವೆ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2021ರಲ್ಲಿ ವಿಜಯನಗರ ಎಂಬ ಹೆಸರಿನಲ್ಲಿ ಹೊಸ ಜಿಲ್ಲೆಯೇ ಆಯಿತು. ಅಹ್ಮದ್ ಖಾನನನ್ನು ಕೇಳಿಕೊಂಡು ಬರುವವರು ಮಾತ್ರ ಹೆಚ್ಚಾದಂತೆ ಕಾಣುವುದಿಲ್ಲ.

ಆ ಬಗ್ಗೆ ಇತರರನ್ನು ದೂರುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಕರಾವಳಿಯ ಒಂದು ಊರಿನಲ್ಲಿ, ಹೆಸರು ಬೇಡ, ಹಂಚಿನ ಮಾಡಿನ ಹಳೆಯ ಮಸೀದಿಯೊಂದಿತ್ತು. ಹಲಸಿನ ಮರದ ಬಾಗಿಲು, ಚೌಕಟ್ಟಿನ ತುಂಬ ಬಳ್ಳಿಯ ಕೆತ್ತನೆ, ವುಝೂ ಮಾಡಲು ಕೆಂಪು ಕಲ್ಲು ಕಟ್ಟಿದ ಹೌಝ್. ಜುಮಾ ನಮಾಝಿಗೆ ಜಾಗ ಸಾಲದೆ ಜನ ಬಿಸಿಲಲ್ಲಿ ನಿಲ್ಲಬೇಕಾಗುತ್ತಿತ್ತು ಎಂಬುದು ನಿಜ, ವಿಸ್ತರಿಸಲೇಬೇಕಿತ್ತು. ಆದರೆ ವಿಸ್ತರಿಸುವುದೆಂದರೆ ಪೂರ್ತಿ ಕೆಡವುವುದು ಎಂದು ಯಾರು ಕಲಿಸಿದರೋ! ಮೂರು ದಿನದಲ್ಲಿ ಜೆಸಿಬಿ ಕೆಲಸ ಮುಗಿಸಿತು. ಮಣ್ಣಿನ ರಾಶಿಯಲ್ಲಿ ಅಕ್ಷರವಿದ್ದ ಒಂದು ಕಲ್ಲೂ ಹೋಯಿತು. ಅದರಲ್ಲಿ ಏನು ಬರೆದಿತ್ತೆಂದು ಕೇಳಿದರೆ, "ಹಳೇ ಅರಬಿ ಇರಬೇಕು, ಕನ್ನಡವೂ ಇರಬಹುದು, ಯಾರು ನೋಡಿದರು" ಎಂದರು ಹಿರಿಯರೊಬ್ಬರು. ಈಗ ಅಲ್ಲಿ ಹಸಿರು ಗುಮ್ಮಟದ, ಟೈಲ್ಸ್ ಹಾಕಿದ ಕಾಂಕ್ರೀಟ್ ಕಟ್ಟಡವಿದೆ. ದೂರದಿಂದ ನೋಡಿದರೆ ಅದು ಮಸೀದಿಯೆಂದು ಯಾರಿಗೂ ಗೊತ್ತಾಗುತ್ತದೆ. ಯಾವ ಊರಿನ ಮಸೀದಿಯೆಂದು ಮಾತ್ರ ಗೊತ್ತಾಗುವುದಿಲ್ಲ.

ಹಂಪಿಯಲ್ಲಿ ನಾವು ಮಸೀದಿಯ ಎದುರು ಬಹಳ ಹೊತ್ತು ಕೂತಿದ್ದೆವು. ಒಬ್ಬ ಕುರಿಗಾಹಿ ಕೋಲು ಹಿಡಿದು ಬಂದು, ಬೀಡಿ ಹಚ್ಚುತ್ತಾ, "ಏನು ಹುಡುಕ್ತೀರಿ?" ಎಂದು ಕೇಳಿದ. ಇದು ಮಸೀದಿ, ಗೊತ್ತೇ ಎಂದೆವು. "ಮಸೂತಿಯೋ, ಮಂಟಪವೋ, ಮಳಿ ಬಂದ್ರ ನಮ್ಗ ಇದ್ರಾಗ ಜಾಗ ಐತ್ರಿ" ಎಂದ. ಧರ್ಮಶಾಲೆ ಎಂಬ ಶಾಸನದ ಮಾತನ್ನು ಅವನಿಗೆ ಹೇಳಿದೆವು. ಅದರಲ್ಲಿ ಅವನಿಗೆ ಆಶ್ಚರ್ಯವೇನೂ ಕಾಣಲಿಲ್ಲ.

ಅಸ್ರ್‌ನ ಸಮಯವಾಗಿತ್ತು. ಈಗ ಇಲ್ಲಿ ನಮಾಝ್ ನಡೆಯುವುದಿಲ್ಲ, ಸ್ಮಾರಕವನ್ನು ಸ್ಮಾರಕವಾಗಿಯೇ ಬಿಡುವುದು ಸರಿಯೆಂದು ನಾವು ಹೊರಗೆ ಬಂದೆವು. ಬಾಟಲಿಯಲ್ಲಿ ಉಳಿದಿದ್ದ ನೀರಿನಲ್ಲಿ ವುಝೂ ಮಾಡಿ ರಸ್ತೆಯ ಪಕ್ಕದ ಮರದ ಕೆಳಗೆ ಟವೆಲ್ ಹಾಸಿದೆವು. ಕಿಬ್ಲಾ ಯಾವ ಕಡೆಗೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ.